ಕರಪತ್ರಕ್ಕೆ ಕೊಟ್ಟ ಫೋಟೋ

ಅಟಾರ್ನಿ ಜನರಲ್ ಹ್ಯಾಸ್ಕೆಲ್ ಅವರಿಗೆ,

ನಮ್ಮ ರಾಜ್ಯದ ಅಟಾರ್ನಿ ಜನರಲ್ ಚುನಾವಣೆಯಲ್ಲಿ ನೀವು ಗೆದ್ದಿದ್ದು ಸಂತೋಷ. ಚುನಾವಣೆಗೆ ಮುಂಚೆ ನನ್ನ ಅಡುಗೆಮನೆಯಲ್ಲಿ ಕೂತು ಪೀಚ್ ಪೈ ತಿನ್ನುತ್ತಾ, "ನಿಮ್ಮ ಮಗನ ಕೇಸು ನಾನೇ ಖುದ್ದಾಗಿ ನೋಡ್ತೀನಮ್ಮ" ಅಂದಿದ್ದಿರಿ. ಡ್ವೇನನ ಫೋಟೋವನ್ನು ನಿಮ್ಮ ಕರಪತ್ರಕ್ಕೆ ಕೊಟ್ಟೆ. ಮಂಡಿನೋವಿನಲ್ಲೇ ಇಡೀ ಕೌಂಟಿಯ ಊರೂರು ತಿರುಗಿ, ಅಂಗಳ ಅಂಗಳಕ್ಕೂ ನಿಮ್ಮ ಹೆಸರಿನ ಫಲಕ ನೆಟ್ಟೆ.

ನಿನ್ನೆ ಅವನ ಮೇಲ್ಮನವಿಗೆ ಸರ್ಕಾರದ ಉತ್ತರ ಬಂತು. ಮರಣದಂಡನೆಯನ್ನೇ ಎತ್ತಿಹಿಡಿಯಬೇಕಂತೆ. ಕೆಳಗೆ ನಿಮ್ಮ ಸಹಿ ಇದೆ. ಪಕ್ಕದ ಮನೆಯ ಓಪಲ್ ಓದಿ, "ಅಯ್ಯೋ ಹುಚ್ಚಿ, ಸರ್ಕಾರದ ಲಾಯರ್ ಅಂದ್ರೆ ಈ ಹ್ಯಾಸ್ಕೆಲ್ಲೇ ಕಣೇ. ಮಗನ ಎದುರು ಲಾಯರಿಗೇ ಓಟು ಕೇಳ್ಕೊಂಡು ತಿರುಗಿದೀಯಲ್ಲೇ!" ಅಂದಳು. ನನಗೆ ಅದು ಗೊತ್ತಿರಲಿಲ್ಲ.

ನನ್ನ ಅಂಗಳದ ಫಲಕವನ್ನು ನಾನೇ ಕಿತ್ತಿದ್ದೇನೆ. ಆ ಫೋಟೋ ಮಾತ್ರ ದಯವಿಟ್ಟು ಬೇಗ ಕಳಿಸಿ. ಶವಪೆಟ್ಟಿಗೆಯ ಮೇಲಿಡಲು, ಅವನು ನಗುತ್ತಿರುವ ಫೋಟೋ ಅದೊಂದೇ ಇರುವುದು.

ಡ್ವೇನನ ತಾಯಿ,
ವರ್ನಾ ಟಿಲ್‌ಮನ್