ನನ್ನಕ್ಕನ ಕಾಯಿಲೆಯನ್ನು ನನ್ನಕ್ಕನಿಗೇ ಹೇಳಿ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯನ್ನು ಒಬ್ಬ ಡಾಕ್ಟರು ತೀರ್ಮಾನಿಸುವುದಿಲ್ಲ. ಆಪರೇಷನ್ ಮಾಡುವವರು, ಔಷಧಿ ಕೊಡುವವರು, ನಮ್ಮ ಜನ 'ಕರೆಂಟು' ಎಂದು ಕರೆಯುವ ವಿಕಿರಣ ಚಿಕಿತ್ಸೆಯವರು, ಎಲ್ಲರೂ ಒಟ್ಟಿಗೆ ಕೂತು ಚರ್ಚಿಸಿ ನಿರ್ಧರಿಸುತ್ತಾರೆ. ಹೆಮ್ಮೆಪಡತಕ್ಕ ಏರ್ಪಾಡು. ಆದರೆ ಇಷ್ಟು ಜನ ತಜ್ಞರು ತಲೆ ಕೆಡಿಸಿಕೊಂಡು ಕೈಗೊಂಡ ತೀರ್ಮಾನವನ್ನು ಕಾಯಿಲೆ ಬಿದ್ದವರಿಗೆ ಹೇಳುವ ಕೆಲಸ ಯಾರದು ಎಂದು ಯಾವತ್ತಾದರೂ ಚರ್ಚಿಸಿದ್ದೀರಾ? ಚರ್ಚಿಸಿಲ್ಲ ಎಂಬುದೇ ನನ್ನ ದೂರು. ಆ ಕೆಲಸ ಬಾಗಿಲಾಚೆ ನಿಂತಿದ್ದ ನನ್ನ ಪಾಲಿಗೆ ಬಂತು, ನಾನು ಅದನ್ನು ಕೆಡಿಸಿದೆ. ಆದ್ದರಿಂದ ತಪ್ಪಿತಸ್ಥರ ಸಾಲಿನಲ್ಲಿ ಮೊದಲು ನಾನಿದ್ದೇನೆ. ನಿಮ್ಮನ್ನೂ ನನ್ನ ಪಕ್ಕದಲ್ಲಿ ನಿಲ್ಲಲು ಕರೆಯುವುದಕ್ಕೇ ಈ ಪತ್ರ.

ನನ್ನ ಅಕ್ಕ ಸಿದ್ದಲಕ್ಷ್ಮಮ್ಮ ಪೆನ್ನಾಗರಂ ಕಡೆಯ ಕನ್ನಡ ಮಾತಾಡುವ ಹಳ್ಳಿಯವಳು, ಆಡು ಮೇಯಿಸುವವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಎದೆಯಲ್ಲಿ ಗಂಟು ಕಂಡಾಗ ಸೇಲಂನಲ್ಲಿರುವ ನಾನೇ ಅವಳನ್ನು ನಿಮ್ಮಲ್ಲಿಗೆ ಕರೆತಂದೆ. ನಿಮ್ಮ ಸಭೆ ಮುಗಿಯಿತು. ಕಿರಿಯ ಡಾಕ್ಟರೊಬ್ಬರು ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಅಕ್ಕನನ್ನು ದಾಟಿ, ಅರ್ಧ ಇಂಗ್ಲಿಷು ಅರ್ಧ ತಮಿಳಿನಲ್ಲಿ ನನಗೆ ಹೇಳಿದರು: ಮೊದಲು ಇಂಜೆಕ್ಷನ್, ಗಂಟು ಕುಗ್ಗಿದ ಮೇಲೆ ಆಪರೇಷನ್, ಆಮೇಲೆ ಕರೆಂಟು. ಮೂರೂ ಆಗಲೇಬೇಕು. ಹೇಳಿ ಒಳಗೆ ಹೋದರು. ಅಕ್ಕನ ಸಂತೆ ತಮಿಳಿಗೆ ಇದೆಲ್ಲ ದಕ್ಕಲಿಲ್ಲ.

ಬಾವ ಸಿದ್ದಪ್ಪ ನನ್ನ ಕೈ ಹಿಡಿದುಕೊಂಡರು. "ಅವ್ಳ್‌ಗೆ ಯೋಳ್ಬ್ಯಾಡ ಕಣವ್ವ, ಎದೆ ಒಡ್ಕೊಂಡು ಸತ್ತೋಯ್ತಾಳೆ."

ನಮ್ಮವರಲ್ಲಿ ಈ ಕಾಯಿಲೆಯ ಹೆಸರನ್ನು ಕಾಯಿಲೆಯವರ ಮುಂದೆ ಎತ್ತುವುದಿಲ್ಲ. ನೆಂಟರಿಗೆ ಗೊತ್ತಿರುತ್ತದೆ, ನೆರೆಯವರಿಗೆ ಗೊತ್ತಿರುತ್ತದೆ, ಮೈಯಲ್ಲಿ ಹೊತ್ತವರಿಗೆ ಮಾತ್ರ ಗೊತ್ತಾಗಬಾರದು. ಇದಕ್ಕೆ ನಾವು ಇಟ್ಟಿರುವ ಹೆಸರು ಪ್ರೀತಿ. ನಾನೂ ಪ್ರೀತಿಯಿಂದಲೇ ಹೇಳಿದೆ: "ಏನೂ ಇಲ್ಲಕ್ಕ, ನೀರ್ ಗಂಟಂತೆ. ಇಂಜೆಕ್ಷನ್ ಆಕುದ್ರೆ ಕರಗೋಯ್ತದಂತೆ."

ಸ್ವಾಮಿ, ಅದು ಕರಗಿತು! ನಿಮ್ಮ ಔಷಧಿ ಅಷ್ಟು ಚೆನ್ನಾಗಿ ಕೆಲಸ ಮಾಡಿತು, ನನ್ನ ಸುಳ್ಳು ಅಷ್ಟು ಚೆನ್ನಾಗಿ ನಿಜವಾಯಿತು. ಕೂದಲು ಉದುರಿದ್ದಕ್ಕೂ ಅಕ್ಕ ಅಳಲಿಲ್ಲ. "ಮಾದಪ್ಪುನ್ಗೆ ಮುಡಿ ಕೊಟ್ಟಂಗಾಯ್ತು ಬುಡು" ಎಂದು ತಲೆ ಸವರಿಕೊಂಡಳು. ಊರಿಗೆ ಹೋದವಳು ಆಪರೇಷನ್ನಿಗೆ ಬರಲಿಲ್ಲ. ಬಾ ಎಂದು ಹೇಳಿ ಕಳಿಸಿದೆ, ನಾನೇ ಹೋಗಿ ಕರೆದೆ. "ಇಲ್ಲದ ಗಂಟ್ನ ಯಾಕ್ಲೇ ಕುಯ್ಸಾದು?" ಎಂದು ನಕ್ಕಳು. ಆಗಲಾದರೂ ನಿಜ ಹೇಳಬಹುದಿತ್ತು. ಒಮ್ಮೆ ಹೇಳಿದ ಸುಳ್ಳನ್ನು ಒಡೆಯುವುದಕ್ಕೆ ಬಾಯಿ ಬರಲಿಲ್ಲ. ಅವಳು ಆಡುಗಳ ಹಿಂದೆ ಹೊರಟಳು, ನಾನು ಬಸ್ ಹತ್ತಿದೆ. ಅದು ನನ್ನ ಹೇಡಿತನ.

ಒಂದು ವರ್ಷದ ಮೇಲೆ ಗಂಟು ಮರಳಿ ಬಂದಿದೆ, ಕಂಕುಳಿಗೂ ಹಬ್ಬಿದೆ. ಮೊನ್ನೆ ನಿಮ್ಮ ಹಿರಿಯ ಡಾಕ್ಟರು ಅಕ್ಕನನ್ನು "ಏನಮ್ಮಾ ವರಲೆ?" ಎಂದು ತಮಿಳಿನಲ್ಲಿ ಗದರಿದರು. ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕು ಅವರಿಗಿದೆ. ಯಾಕೆ ಬರಬೇಕಿತ್ತು ಎಂದು ಹೇಳುವ ಹೊಣೆ ಮಾತ್ರ ಯಾರಿಗೂ ಇರಲಿಲ್ಲವೇ? ಡಾಕ್ಟರ ಮಾತು ಕೇಳದ ಹಳ್ಳಿ ಹೆಂಗಸು ಎಂದು ಅವರು ಬೇಸರಪಟ್ಟರು. ಕೇಳದೆ ಏನು ಮಾಡಿದಳು? ಅವಳಿಗೆ ಹೇಳಿದ್ದನ್ನು ಅಕ್ಷರಶಃ ಕೇಳಿದಳು. ಗಂಟು ಕರಗುತ್ತದೆ ಎಂದೆ, ಕರಗಿತು, ಮನೆಗೆ ಹೋದಳು. ಇದಕ್ಕಿಂತ ವಿಧೇಯ ರೋಗಿ ನಿಮಗೆ ಎಲ್ಲಿ ಸಿಗಬೇಕು?

ಆಮೇಲೆ, ಆಸ್ಪತ್ರೆಯ ಬೇವಿನ ಮರದ ಕೆಳಗೆ, ಅಕ್ಕನಿಗೆ ಎಲ್ಲ ಹೇಳಿದೆ. ಕಾಯಿಲೆಯ ಹೆಸರನ್ನೂ ಹೇಳಿದೆ. ಅವಳ ಎದೆ ಒಡೆಯಲಿಲ್ಲ. "ನನ್ನ ಮೈ ಕಣ್ಲೇ ಶಶಿ. ನೀನು ಯೋಳಿದ್ರೆ ನಾನು ಬತ್ತಿದ್ನಲ್ಲ" ಎಂದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ, ಸೆರಗಿನಿಂದ ಅವಳೇ ನನ್ನ ಮುಖ ಒರೆಸಿದಳು.

ಬರುವ ಗುರುವಾರ ಅವಳ ವಿಷಯ ಮತ್ತೆ ನಿಮ್ಮ ಸಭೆಗೆ ಬರಲಿದೆ. "ಈ ದಪ ಏನಿದ್ರೂ ನನ್ನ ಮುಂದೇನೇ ಯೋಳ್ಲಿ" ಎಂದು ಅಕ್ಕ ಹಟ ಹಿಡಿದಿದ್ದಾಳೆ. ನನ್ನ ಬೇಡಿಕೆಯೂ ಅದೇ. ಅವಳನ್ನು ಒಳಗೆ ಕರೆಯಿರಿ. ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ, ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವಳ ಮುಖ ನೋಡಿ ಹೇಳಿ. ಕನ್ನಡ ಬಲ್ಲ ನರ್ಸ್ ನಿಮ್ಮಲ್ಲಿ ಇದ್ದಾರೆ, ಅವರಿಂದ ಹೇಳಿಸಿ. ನನ್ನಿಂದ ಬೇಡ. ಕೊನೆಯಲ್ಲಿ, ಏನು ಅರ್ಥವಾಯಿತು ಎಂದು ಅವಳನ್ನೇ ಕೇಳಿ.

ಬೇಕೆಂದೇ ಈ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಓದಲು ಬಾರದಿದ್ದರೆ ಯಾರನ್ನಾದರೂ ಕರೆದು ಓದಿಸಿ ಕೇಳುತ್ತೀರಿ. ನಿಮ್ಮ ಮನಸ್ಸು ನೋಯಬಾರದೆಂದು ಆ ಪುಣ್ಯಾತ್ಮರು ಯಾವ ಸಾಲನ್ನು ನುಂಗಿಕೊಳ್ಳುತ್ತಾರೋ, ನಿಮಗೆ ತಿಳಿಯುವುದೇ ಇಲ್ಲ. ನನ್ನಕ್ಕ ಒಂದು ವರ್ಷ ಕಳೆದದ್ದು ಹೀಗೆಯೇ.

ಇಂತಿ,
ಊರವರ ಮಾತನ್ನೆಲ್ಲ ನೆಟ್ಟಗೆ ಮುಟ್ಟಿಸಿ, ಒಡಹುಟ್ಟಿದವಳಿಗೆ ಮಾತ್ರ ಅರ್ಧ ಮುಟ್ಟಿಸಿದ ಟೆಲಿಫೋನ್ ಆಪರೇಟರ್
ಶಶಿಕಲಾ
ಸೇಲಂ, ೧೯೯೬