ಏಳು ಟಾಂಕಿಗಳ ಹಾಳೆ

ಮುಂಬಯಿ, ಫೆಬ್ರವರಿ 1988

ಸುಮಿತ್ರಾ,

ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದೇನೋ ಗೊತ್ತಿಲ್ಲ, ಸಾರಿ. ನನ್ನ ಹಾಸ್ಟೆಲ್ ಕನ್ನಡಕ್ಕೂ ಸಾರಿ. ನಿನ್ನ ಹೊಸ ಅಡ್ರೆಸ್ ನನ್ನಲ್ಲಿಲ್ಲ, ಯಾರನ್ನಾದರೂ ಕೇಳುವ ಧೈರ್ಯವೂ ಇಲ್ಲ; ಹಳೆಯ ಅಡ್ರೆಸ್‌ಗೇ ಹಾಕುತ್ತಿದ್ದೇನೆ, ಅಲ್ಲಿಂದ ನಿನಗೆ ತಲುಪಲಿ.

ಇವತ್ತು ಭಾಂಡುಪ್‌ನಿಂದ ಖಂಡಪ್ಪ ಎಂಬ ಸ್ಟೂಡೆಂಟ್ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದಿದ್ದ. ಎಕ್ಸಿಬಿಷನ್‌ನಲ್ಲಿ ಪ್ರೈಜ್ ಬಂದ ನಮ್ಮ ಚಾರ್ಟ್ ನೋಡಿದ್ದನಂತೆ.

"ಮುಚ್ಚಿದ ನೀರಿನ ಟಾಂಕ್ಯಾಗ ಸೊಳ್ಳೆಮರಿ ಜಾಸ್ತಿ ಅಂತ ಮೊದ್ಲ ಹೆಂಗ ಊಹಿಸಿದ್ರಿ? ನಮ್ಮ ಕಡೆನೂ ಒಂದು ವರ್ಷ ಎಣಿಸಿ ನೋಡ್ತೀನ್ರೀ. ನಿಮ್ಮ ನೋಟ್‌ಬುಕ್ ಕೊಡ್ರಿ, ಹೊಂದದೇ ಇದ್ದ ಲೆಕ್ಕಾನೂ ಬೇಕ್ರೀ" ಎಂದ.

ನಾವು ಏನನ್ನೂ ಊಹಿಸಿರಲಿಲ್ಲ. ದಹಿಸರ್‌ನಲ್ಲಿ ಇಪ್ಪತ್ತು ಬಿಲ್ಡಿಂಗ್‌ಗಳ ಟೆರೇಸ್ ಹತ್ತಿ, ಟಾಂಕಿಯಲ್ಲಿ ಕಂಡದ್ದನ್ನೆಲ್ಲ ಬರೆದುಕೊಂಡೆವು, ಅಷ್ಟೇ. ಹದಿಮೂರು ಟಾಂಕಿ ಆ ಮಾತಿಗೆ ಹೊಂದಿದವು, ಏಳು ಉಲ್ಟಾ: ಮುಚ್ಚಿದ್ದರೂ ಮರಿ ಕಡಿಮೆ, ಇಲ್ಲವೇ ತೆರೆದಿದ್ದರೂ ಜಾಸ್ತಿ. ಆ ಏಳರ ಹಾಳೆ ಹರಿದುಹಾಕಿ, ಮೊದಲೇ ಊಹಿಸಿದ್ದೆವು ಎಂದು ಚಾರ್ಟಿನಲ್ಲಿ ಬರೆದವನು ನಾನು. "ಸುಮ್ನೆ ಹುಡುಕ್ತಾ ಹೋದ್ವಿ, ಇದು ಸಿಕ್ತು ಅಂತ ಬರೆಯೋಕೆ ನಾಚಿಕೆ ಯಾಕೋ?" ಎಂದು ಕೇಳಿ, ಚಾರ್ಟಿನಲ್ಲಿದ್ದ ನಿನ್ನ ಹೆಸರನ್ನು ನೀನೇ ಅಳಿಸಿ ಹೋದೆ.

ಖಂಡಪ್ಪನಿಗೆ ನೋಟ್‌ಬುಕ್ ಕಳೆದುಹೋಯಿತು ಎಂದುಬಿಟ್ಟೆ. ಫಸ್ಟ್ ಇಯರ್‌ನಲ್ಲೇ ನನ್ನ ಮೋಸ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ. "ಇರ್ಲಿ ಬಿಡ್ರಿ, ನಿಮ್ಮ ಚಾರ್ಟ್ ನಂಬಿಕೊಂಡೇ ಸೋಮವಾರ ಶುರು ಮಾಡ್ತೀನಿ" ಎಂದು ನಕ್ಕು, ನನ್ನ ಕೈ ಕುಲುಕಿ, ಲೋಕಲ್ ಹಿಡಿಯಲು ಓಡಿದ.

ನೀನು ದಿನಾ ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯುತ್ತಿದ್ದೆ. ಆ ಏಳು ಟಾಂಕಿಗಳ ಹಾಳೆ ನಿನ್ನ ಹತ್ತಿರ ಉಳಿದಿದೆಯೇ? ಸೋಮವಾರಕ್ಕೆ ನಾಲ್ಕೇ ದಿನ. ದಯವಿಟ್ಟು ಬೇಗ ಬರೆ.

ಜಯಸಿಂಹ