ಅಪ್ಪನ ತೂಕದ ಬೆಲ್ಲ

ಸವಣೂರು
೨ ಜನವರಿ ೨೦೨೫

ನನ್ನ ಶೈಲಾ,

ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಹಿರೇಕೆರೂರಿನಲ್ಲಿ ನೀನು, ಅಳಿಯ ಶಿವಯೋಗಿ, ನಮ್ಮ ಮೊಮ್ಮಗಳು ಜಯಾ ಮೂವರೂ ಆರಾಮ ಇದ್ದೀರಿ ಎಂದು ನಿನ್ನೆ ಸಂಜೆ ಫೋನಿನಲ್ಲಿ ಕೇಳಿದ್ದೇನೆ, ಮತ್ತೆ ಕೇಳುವುದಿಲ್ಲ. ನಿನ್ನೆ ಮಾತಾಡಿದ ಅವ್ವ ಇವತ್ತು ಪತ್ರ ಯಾಕೆ ಬರೆದಳು, ತಲೆಗಿಲೆ ಕೆಟ್ಟಿತೋ ಏನೋ ಎಂದು ಗಾಬರಿಯಾಗಬೇಡ. ನಿಮ್ಮಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ: "ಶೈಲಾಗ ಫೋನಿನ್ಯಾಗ ಒಂದ ಮಾತೂ ಹೇಳಬ್ಯಾಡ." ಪತ್ರದ ಸುದ್ದಿ ಅವರೂ ಎತ್ತಲಿಲ್ಲ, ನಾನೂ ನೆನಪು ಮಾಡಿಕೊಡಲಿಲ್ಲ. ಈಗ ಅವರು ವೀಳ್ಯದೆಲೆ ಪೇಟೆಗೆ ಹೋಗಿದ್ದಾರೆ. ಬರುವುದರೊಳಗೆ ಬರೆದು ಮುಗಿಸಬೇಕು.

ಹೋದ ವರ್ಷದ್ದನ್ನು ಕೆದಕದೆ ಈ ವರ್ಷದ್ದು ಹೇಳಲು ಬರುವುದಿಲ್ಲ. ನಿಮ್ಮಪ್ಪ ಎದೆನೋವು ಬಂದು ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದಾಗ, ನಿನ್ನ ಸೋದರತ್ತೆ ದುರಗವ್ವ ಹಾನಗಲ್ಲಿನ ಹತ್ತಿರದ ತಮ್ಮೂರ ಬಸವಣ್ಣನಿಗೆ ಹರಕೆ ಹೊತ್ತಳಲ್ಲ, ತಮ್ಮ ಎದ್ದು ಬಂದರೆ ಅವನ ತೂಕದ ಬೆಲ್ಲ ಕೊಡುತ್ತೇನೆ, ಅದೂ ನನ್ನ ಹೊಲದ ಕಬ್ಬಿನದೇ ಎಂದು. ತಮ್ಮ ಎದ್ದು ಬಂದರು. ಬಂದವರು ಸುಮ್ಮನಿದ್ದರೇ? ದವಾಖಾನೆಯಲ್ಲಿ ತಪ್ಪಿದ ಊಟವನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡಿದರು. ತೂಕ ಇಳಿಸದಿದ್ದರೆ ಮತ್ತೆ ಇದೇ ಮಂಚಕ್ಕೆ ಬರುತ್ತೀರಿ ಎಂದು ಡಾಕ್ಟರು ಹೇಳಿದ್ದು ನಿನ್ನ ಕಿವಿಯಲ್ಲಿ ಉಳಿಯಿತು, ನನ್ನ ಕಿವಿಯಲ್ಲಿ ಉಳಿಯಿತು, ಹೇಳಿಸಿಕೊಂಡವರ ಕಿವಿಗೆ ಮಾತ್ರ ಹೋಗಲಿಲ್ಲ.

ನೀನು ಕಳಿಸಿದ ಓಟ್ಸ್ ಗಂಜಿ ನೆನಪಿದೆಯೇ? ಗೋಡೆಗೆ ಕಾಗದ ಅಂಟಿಸಲು ಬರುವಂತಿತ್ತು. ನಿಮ್ಮಪ್ಪ ಒಂದು ಚಮಚ ಬಾಯಿಗಿಟ್ಟು ಉಳಿದದ್ದನ್ನು ಎಮ್ಮೆಗೆ ಇಟ್ಟರು, ಅದೂ ಮೂಸಿ ಮುಖ ತಿರುಗಿಸಿತು. ನಡಿಗೆ ಲೆಕ್ಕ ಮಾಡುವ ಕೈಪಟ್ಟಿ ಕಳಿಸಿದೆಯಲ್ಲ, ಅದರ ಗುಟ್ಟು ಇವತ್ತು ಹೇಳಿಬಿಡುತ್ತೇನೆ. ಅವರು ಅದನ್ನು ಕರುವಿನ ಕಾಲಿಗೆ ಕಟ್ಟಿ ತೋಟಕ್ಕೆ ಬಿಡುತ್ತಿದ್ದರು. "ಭೇಷ್ ಅಪ್ಪ, ಇವತ್ತು ಎಷ್ಟೊಂದ ನಡದೀರಿ" ಎಂದು ನೀನು ಫೋನಿನಲ್ಲಿ ಹೊಗಳಿದ್ದು ಆ ಕರುವಿಗೆ ಸಲ್ಲಬೇಕು.

ಆಮೇಲೆ ಆ ತುಲಾಭಾರದ ದಿನ. ದುರಗವ್ವತ್ತೆಯ ಕಣ್ಣಿಗೆ ತಮ್ಮ ಇನ್ನೂ ತಾನು ಟೊಂಕದ ಮೇಲೆ ಹೊತ್ತು ತಿರುಗಿದ ಹುಡುಗನೇ. ಕಣ್ಣಂದಾಜಿನಲ್ಲಿ ಬೆಲ್ಲ ಮಾಡಿಸಿ ತಂದಿದ್ದಳು. ನಿಮ್ಮಪ್ಪನಿಗೆ ತಕ್ಕಡಿಯ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂಡಲು ಮೊಣಕಾಲು ಬಗ್ಗಲಿಲ್ಲ, ಹೊಟ್ಟೆ ಜಾಗ ಬಿಡಲಿಲ್ಲ. ಕಾಲು ಇಳಿಬಿಟ್ಟು ಕುಳಿತರು. ಆ ಕಡೆ ಪೆಂಟೆಯ ಮೇಲೆ ಪೆಂಟೆ ಬೆಲ್ಲ ಏರಿಸಿದರೂ ಈ ಕಡೆಯ ತಟ್ಟೆ ನೆಲ ಬಿಡಲಿಲ್ಲ. ತಂದ ಬೆಲ್ಲವೆಲ್ಲ ಮುಗಿಯಿತು. ಬೀಗರು, ಬಿಜ್ಜರು, ಊರವರು ಎಲ್ಲರೂ ನಿಂತು ನೋಡುತ್ತಿದ್ದರು. ಪೂಜಾರಿ ಮಾಳಪ್ಪ, ಹರಕೆ ಪೂರ್ತಿಯಾಗಲಿಲ್ಲ, ಮುಂದಿನ ಗಾಣಕ್ಕೆ ನೋಡೋಣ ಎಂದುಬಿಟ್ಟ.

ನೀನು ಅದನ್ನು ವಿಡಿಯೋ ಮಾಡಿ, "ಬಸವಣ್ಣನೂ ಕೈಚೆಲ್ಲಿದ" ಎಂದು ಬರೆದು, ನಗುವ ಗೊಂಬೆಗಳನ್ನು ಹಚ್ಚಿ, ಬಳಗದ ಗುಂಪಿಗೆಲ್ಲ ಕಳಿಸಿದೆ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಮರುದಿನ ಎಲೆ ಪೇಟೆಯಲ್ಲಿ ಯಾರೋ ಅದನ್ನು ನಿಮ್ಮಪ್ಪನಿಗೇ ತೋರಿಸಿ ನಕ್ಕರು. ಮನೆಗೆ ಬಂದವರು ಉಣ್ಣಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನೀನು ಫೋನ್ ಮಾಡಿದಾಗಲೆಲ್ಲ "ನಿಮ್ಮವ್ವಗ ಕೊಡ್ತೇನಿ" ಎನ್ನುವುದೊಂದೇ ಅವರ ಮಾತು. ನೀನೂ ಅವರ ಮಗಳೇ, ಹಟದಲ್ಲಿ ಒಂದು ಗುಂಜಿ ಹೆಚ್ಚೇ. ಒಂದು ವರ್ಷ ತವರಿಗೆ ಕಾಲಿಡಲಿಲ್ಲ. ನೀನು ಹೆದರಿಕೆಗೆ ಹಾಗೆ ಮಾಡಿದೆ ಎಂದು ನನಗೆ ಗೊತ್ತು. ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ನೀನು ಅತ್ತದ್ದನ್ನು ನಾನು ನೋಡಿದ್ದೇನೆ, ಅವರು ನೋಡಿಲ್ಲ. ನಿಮ್ಮಿಬ್ಬರ ನಡುವೆ ಫೋನು ದಾಟಿಸುವ ಕೆಲಸ ನನಗೆ ಸಾಕಾಗಿ ಹೋಗಿದೆ, ಶೈಲಾ.

ಈಗ ನಿನಗೆ ಗೊತ್ತಿಲ್ಲದ್ದು ಕೇಳು.

ಆ ವಿಡಿಯೋ ಆದ ಮೂರನೆಯ ದಿನ ನಸುಕಿನಲ್ಲಿ ಎದ್ದು ನೋಡಿದರೆ ನಿಮ್ಮಪ್ಪ ಹಾಸಿಗೆಯಲ್ಲಿಲ್ಲ. ನನ್ನ ಜೀವ ಹಾರಿಹೋಯಿತು. ಹೊರಗೆ ಬಂದರೆ ಕಟ್ಟೆಯ ಮೇಲೆ ಕುಳಿತು, ಶಿವಯೋಗಿ ಬಿಟ್ಟುಹೋದ ಬಿಳಿ ಬೂಟಿನ ಜೊತೆ ಜಗಳಾಡುತ್ತಿದ್ದಾರೆ. ಬಗ್ಗಿದರೆ ಹೊಟ್ಟೆ ಅಡ್ಡ, ಲಾಡಿ ಕಟ್ಟಲು ಕೈ ನಿಲುಕುತ್ತಿಲ್ಲ. ನಾನು ಕಟ್ಟಿಕೊಟ್ಟೆ. ಎಲ್ಲಿಗೆ ಎಂದು ಕೇಳಿದೆ. "ತೋಟಕ್ಕ" ಎಂದರು. ಆ ಹೊತ್ತಿನಲ್ಲಿ ಬಿಳಿ ಬೂಟು ಹಾಕಿಕೊಂಡು ಯಾರು ತೋಟಕ್ಕೆ ಹೋಗುತ್ತಾರೆ? ದಿನಾಲೂ ಹೋದರು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಓಣಿಯ ಸಿದ್ದವ್ವನ ಮುಂದೆ ನಮ್ಮವರು ವಾಕಿಂಗ್ ಹೋಗುತ್ತಾರೆ ಎಂದು ಇಂಗ್ಲಿಷಿನಲ್ಲೇ ಹೇಳಿಕೊಂಡೆ.

ತಿಂಗಳಾದ ಮೇಲೆ ತೂಕ ನೋಡಿದರೆ ಏರಿತ್ತು! ನಾನು ಯಂತ್ರಕ್ಕೇ ಬಯ್ದೆ. ಆಮೇಲೆ ಜುಬ್ಬಾ ಒಗೆಯುವಾಗ ಕಿಸೆಯಲ್ಲಿ ಎಣ್ಣೆ ಕಲೆ ಕಂಡಿತು, ಅದರ ಮೂಲೆಯಲ್ಲಿ ನಾಲ್ಕು ಖಾರಾ ಸೇವಿನ ಎಳೆ. ಕಳ್ಳ ಸಿಕ್ಕ. ನಿಮ್ಮಪ್ಪನ ವಾಕಿಂಗು ಸಿರಾಜುದ್ದೀನನ ಖಾರಾ ಅಂಗಡಿಯ ತನಕ. ಆಗಲೇ ಎಣ್ಣೆಯಿಂದ ತೆಗೆದ ಬಿಸಿ ಖಾರಾ, ಮೇಲೊಂದು ಚಹಾ, ತಿರುಗಿ ಮನೆಗೆ. ಸವಣೂರಿನಲ್ಲಿ ಹುಟ್ಟಿದವರಿಗೆ ಆ ವಾಸನೆ ದಾಟಿ ಮುಂದೆ ಹೋಗುವುದು ಸುಲಭವಲ್ಲ, ನಾನೂ ಒಪ್ಪುತ್ತೇನೆ. ಆದರೂ ಸಿಟ್ಟು ನೆತ್ತಿಗೇರಿ ನೆಟ್ಟಗೆ ಅಂಗಡಿಗೇ ಹೋಗಿ, ನಮ್ಮವರಿಗೆ ಇನ್ನು ಖಾರಾ ಕೊಡಬೇಡ ಎಂದೆ. ಪಾಪ, ಸಿರಾಜುದ್ದೀನ ಕೈಯೊರೆಸಿಕೊಂಡು ನಿಂತ. "ಅಕ್ಕಾರ, ಗಿರಾಕಿಗೆ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲರಿ. ಬೇಕಾದ್ರ ನಾ ಅಂಗಡೀನ ತಡಾ ತಗೀತೇನಿ" ಎಂದ. ಹೇಳಿದಂತೆ ಮಾಡಿದ. ಮುಚ್ಚಿದ ಬಾಗಿಲು ನೋಡಿ ನಿಮ್ಮಪ್ಪ ಎರಡು ದಿನ ಅಲ್ಲೇ ನಿಂತರಂತೆ. ಮೂರನೆಯ ದಿನ ಮುಂದಕ್ಕೆ ನಡೆದರು. ಆಮೇಲೆ ದೊಡ್ಡ ಕೆರೆಯ ಏರಿಯ ತನಕ ಹೋಗಿ ಬರತೊಡಗಿದರು.

ಊಟದ ಯುದ್ಧ ಬೇರೆಯೇ. ನಿನ್ನ ಓಟ್ಸು, ಹೆಸರು ಹೇಳಲು ಬಾರದ ಆ ಹಸಿರು ಹೂವು ಎಲ್ಲ ಬಿಟ್ಟೆ. ನಮ್ಮ ಜೋಳದ ರೊಟ್ಟಿ, ಮೆಂತ್ಯದ ಸೊಪ್ಪು, ಮೊಳಕೆ ಹೆಸರುಕಾಳು, ಮಜ್ಜಿಗೆ, ಇಷ್ಟೇ. ಅನ್ನ ಒಂದು ಹಿಡಿ. ಅವರು ಮಕ್ಕಳ ಹಾಗೆ ಮುನಿಸಿಕೊಂಡರು, ಒಮ್ಮೆ ತಾಟು ದೂಡಿದರು, ಒಮ್ಮೆ ಸಿದ್ದವ್ವನ ಮನೆಗೆ ಹೋಗಿ ಹುಗ್ಗಿ ಉಂಡು ಬಂದು, ಹೊಟ್ಟೆ ಸರಿ ಇಲ್ಲ ಎಂದು ಮಲಗಿದರು. ನಾನು ಬಗ್ಗಲಿಲ್ಲ. ಅವರ ಪಾಲಿನ ಹೋಳಿಗೆ, ಸಂಡಿಗೆ, ತುಪ್ಪ ಎಲ್ಲ ಅವರ ತಾಟಿನಿಂದ ತೆಗೆದುಬಿಡುತ್ತಿದ್ದೆ. ತೆಗೆದದ್ದು ಎಲ್ಲಿ ಹೋಯಿತು ಎಂದು ನೀನು ಕೇಳಬೇಡ. ಅನ್ನ ಚೆಲ್ಲಬಾರದು ಎಂದು ಹಿರಿಯರು ಹೇಳಿದ್ದಾರೆ.

ದೀಪಾವಳಿಯ ಹೊತ್ತಿಗೆ ಜುಬ್ಬಾ ಮೈಮೇಲೆ ಜೋಲಾಡತೊಡಗಿತು. ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತಿತು. ಒಂದು ಮುಂಜಾನೆ ನನ್ನನ್ನು ಕರೆಯದೆ ತಾವೇ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಂಡರು. ಡಾಕ್ಟರು ಬೆನ್ನು ತಟ್ಟಿ, ಇನ್ನೂ ಇಳಿಸಿರಿ, ಇಳಿಸಿದ್ದನ್ನು ಕಾಪಾಡಿಕೊಳ್ಳಿ ಎಂದರು. ನಿನಗೆ ಅಂದೇ ಹೇಳಬೇಕು ಎಂದು ನನ್ನ ನಾಲಿಗೆ ತುರಿಸಿತು. ಆಗಲೇ ಆ ಆಣೆ ಮಾಡಿಸಿಕೊಂಡದ್ದು. ಮೊದಲೇ ಹೇಳಿ, ನಾಳೆ ಮತ್ತೆ ಏರಿದರೆ ಮತ್ತೆ ನಗುತ್ತಾಳೆ ಎಂದರು. ನೋಡು, ಎದೆನೋವಿಗೆ ಹೆದರದ ಮನುಷ್ಯ ನಿನ್ನ ನಗುವಿಗೆ ಹೆದರಿದ್ದಾರೆ.

ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಎಳ್ಳಮಾಸಿ ಹಬ್ಬಕ್ಕೆ ವಾರವಿರುವಾಗ ದುರಗವ್ವತ್ತೆ ಬಂದಳು. ಈ ಸಲ ಹೋದ ವರ್ಷದ ತೂಕಕ್ಕೆ ಸರಿಯಾಗಿ ಗಾಣ ಆಡಿಸಿ, ಬೆಲ್ಲವನ್ನೆಲ್ಲ ಬಸವಣ್ಣನ ಹೆಸರು ಹೇಳಿ ಗುಡಿಯಲ್ಲಿಟ್ಟೇ ಬಂದಿದ್ದಳು. ಬಾಗಿಲಲ್ಲಿ ತಮ್ಮನನ್ನು ನೋಡಿದವಳೇ ಅಲ್ಲೇ ಕುಸಿದು ಕುಳಿತಳು. ಇವನಿಗೇನು ಜಡ್ಡು, ಇವಳು ಹೊಟ್ಟೆಗೆ ಹಾಕುತ್ತಿಲ್ಲವೇ ಎಂದು ಓಣಿ ಕೇಳುವಂತೆ ಅತ್ತಳು. ನನ್ನ ಮೈ ಉರಿಯಿತು. ಡಾಕ್ಟರು ಹೇಳಿದ್ದು ತಿಳಿಸಿದೆ. ಅದಕ್ಕೆ ಅವಳು ಕಣ್ಣೊರೆಸಿಕೊಂಡು ಹೇಳಿದ್ದು ಕೇಳು: "ಬೆಲ್ಲಾ ಎಲ್ಲಾ ದೇವರಿಗೆ ಅಂತ ಮುಡಪಾಗೇತಿ. ಈಗ ಇಂವಾ ಇಳಕೊಂಡು ಕುಂತ್ರ, ಬಸವಣ್ಣಗ ತೂಕದಾಗ ಮೋಸ ಮಾಡಿದಂಗ ಆಗೂದಿಲ್ಲೇನ?"

ನಗಬೇಡ. ಅವಳ ಹರಕೆಯಿಂದಲೇ ತಮ್ಮ ಉಳಿದ ಎಂದು ಅವಳು ನಂಬಿದ್ದಾಳೆ. ದೇವರಿಗೆ ಕಡಿಮೆ ಬಿದ್ದರೆ ದೇವರು ಕೊಟ್ಟದ್ದನ್ನು ತಿರುಗಿ ಕೇಳಿಯಾನು ಎಂಬ ಭಯ ಆ ಮುದುಕಿಗೆ. ಅಂದಿನಿಂದ ತಮ್ಮನಿಗೆ ತೂಕ ಏರಿಸಲು ಟೊಂಕ ಕಟ್ಟಿದಳು. ಮುಂಜಾನೆ ಶೇಂಗಾ ಹೋಳಿಗೆ, ಮಧ್ಯಾಹ್ನ ಹಾಲು ಹುಗ್ಗಿ, ಸಂಜೆ ಬೆಲ್ಲ ಕೊಬ್ಬರಿ. ನಾನು ತುಪ್ಪದ ಡಬ್ಬಿಯನ್ನು ಜೋಳದ ಚೀಲದಲ್ಲಿ ಹುಗಿದಿಟ್ಟರೂ ಹುಡುಕಿ ತೆಗೆದಳು. ನಿಮ್ಮಪ್ಪ ಅಕ್ಕನ ಮಾತು ಮೀರಲಾರರು, ತಾಯಿಯಿಲ್ಲದ ಅವರನ್ನು ಸಾಕಿದವಳು ಅವಳೇ. ಅವಳ ಮುಖ ನೋಡುತ್ತ ತಿನ್ನುವರು, ನನ್ನ ಮುಖ ನೋಡಿ ತಲೆ ತಗ್ಗಿಸುವರು. ಒಂದು ವರ್ಷದ ಕಷ್ಟ ಒಂದು ವಾರದಲ್ಲಿ ನೀರುಪಾಲಾಗುತ್ತದೆ ಎಂದು ನಾನು ಅಡುಗೆಮನೆಯಲ್ಲಿ ಅತ್ತೇಬಿಟ್ಟೆ.

ಎಳ್ಳಮಾಸಿಯ ದಿನ ಬೆಳೆಗೆ ಚರಗದ ಎಡೆ ಚೆಲ್ಲಲು ಹೊಲಕ್ಕೆ ಹೋದೆವು. ಪೂಜೆ ಮುಗಿಸಿ ಬನ್ನಿಗಿಡದ ನೆರಳಿಗೆ ಊಟಕ್ಕೆ ಕುಳಿತಾಗ, ನಾನು ಪ್ರತಿವರ್ಷದಂತೆ ನಿಮ್ಮಪ್ಪನಿಗೆ ಕೂಡಲು ಕಲ್ಲು ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅವರು ಪಂಕ್ತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು, ನಮ್ಮ ಮದುವೆಯ ದಿನ ಕುಳಿತಂತೆ. ನನ್ನ ಕೈಯಲ್ಲಿನ ಬುಟ್ಟಿ ಹಾಗೇ ಉಳಿಯಿತು. ಎಷ್ಟು ವರ್ಷವಾಗಿತ್ತು ಶೈಲಾ, ಅವರು ಎಲ್ಲರ ಸಾಲಿನಲ್ಲಿ ಕುಳಿತು!

ದುರಗವ್ವತ್ತೆ ಅವರ ಎಲೆಗೆ ಮೂರನೆಯ ಹೋಳಿಗೆ ಹಾಕಲು ಬಂದಳು. ನಿಮ್ಮಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅಕ್ಕನಿಗೆ ಅವರು ಬೇಡ ಎಂದದ್ದು ನಾನು ಕಂಡಂತೆ ಅದೇ ಮೊದಲು. ಅವಳ ಕಣ್ಣು ತುಂಬಿತು. ಆಗ ನಿಧಾನವಾಗಿ ಹೇಳಿದರು, "ಕಡಿಮಿ ಬಿದ್ದ ತೂಕಕ್ಕ ಜಯಾನ ತೊಡಿ ಮ್ಯಾಲ ಕುಂದ್ರಿಸ್ಕೋತೇನಿ, ಅಕ್ಕ. ನೀ ಉಳಿಸಿಕೊಂಡ ಜೀವದ ಕುಡಿ ಅಲ್ಲೇನ ಅದು?"

ದುರಗವ್ವತ್ತೆ ಹೋಳಿಗೆಯನ್ನು ಅಂಗೈಯಲ್ಲೇ ಎತ್ತಿ ಇಳಿಸಿದಳು. ಮನಸ್ಸಿನಲ್ಲೇ ಹುಡುಗಿಯನ್ನು ತೂಗಿ ನೋಡಿದಳೋ ಏನೋ. ಆಮೇಲೆ, ಬಸವಣ್ಣ ಒಪ್ಪುತ್ತಾನೆ ಎಂದಳು. ಎಂದು, ಆ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದಳು. ಆದರೆ ಅದರ ಅವ್ವ ಕಳಿಸುತ್ತಾಳೆಯೇ ಎಂದು ಕೇಳಿದಳು. ನಿಮ್ಮಪ್ಪ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಕರೆಯುವವರು ಕರೆದರೆ ಬರುತ್ತಾಳೆ ಎಂದರು. ಯಾರು ಕರೆಯಬೇಕು ಎಂದು ಹೇಳಲಿಲ್ಲ.

ಆದ್ದರಿಂದ ನಾನು ಕರೆಯುತ್ತಿದ್ದೇನೆ. ಸಂಕ್ರಾಂತಿಯ ಹಿಂದಿನ ದಿನ, ಸೋಮವಾರ, ತುಲಾಭಾರ. ಹಾನಗಲ್ಲಿನ ಬಸ್‌ ನಿಲ್ದಾಣದಲ್ಲಿ ಇಳಿಯಿರಿ, ನಾವು ಅಲ್ಲೇ ಕಾಯುತ್ತೇವೆ. ನೀನು ಬರದಿದ್ದರೆ ಬೆಲ್ಲದ ತಟ್ಟೆ ಕೆಳಗೆ ಕುಳಿತು ನಿಮ್ಮಪ್ಪ ಮೇಲೆ ತೂಗಾಡುತ್ತಾರೆ, ಅದನ್ನೂ ಊರು ನೋಡಿ ನಗುತ್ತದೆ. ಅದಕ್ಕಿಂತ, ಅವರು ಬಾಗಿಲ ಕಡೆಗೇ ನೋಡುತ್ತಾ ಕೂಡುವುದನ್ನು ನಾನು ನೋಡಲಾರೆ. ಬಾ ಮಗಳೇ, ಹಟ ಸಾಕು.

ನಿನ್ನ ದಾರಿ ಕಾಯುವ
ಅವ್ವ
ನೀಲಾಂಬಿಕಾ

ತಾ.ಕ.: ಇದು ನಿಮ್ಮಪ್ಪನ ಅಕ್ಷರ. ಎಲೆಯ ಕಟ್ಟಿನ ಜೊತೆ ಈ ಪತ್ರವನ್ನೂ ಹಿರೇಕೆರೂರಿನ ಬಸ್ಸಿಗೆ ಕೊಟ್ಟು ಬನ್ನಿ ಎಂದು ನಿಮ್ಮವ್ವ ನನ್ನ ಕೈಗೇ ಕೊಟ್ಟಿದ್ದಾಳೆ, ಲಕೋಟೆಗೆ ಅಂಟು ಹಚ್ಚದೆ. ಅಂಟು ಮರೆಯುವ ಹೆಂಗಸಲ್ಲ ಅವಳು. ಅವಳು ಬರೆಯದೆ ಬಿಟ್ಟದ್ದೊಂದಿದೆ. ನನ್ನ ತಾಟಿನಿಂದ ತೆಗೆದದ್ದೆಲ್ಲ ಅವಳ ತಾಟಿಗೆ ಹೋಗಿ, ನಾನು ಇಳಿಸಿದ್ದನ್ನೆಲ್ಲ ಅವಳು ಏರಿಸಿಕೊಂಡು ಕುಳಿತಿದ್ದಾಳೆ. ಬಳೆ ಕೈಯಿಂದ ಹೊರಗೆ ಬರುತ್ತಿಲ್ಲ. ನಾಳೆಯಿಂದ ಅವಳಿಗೂ ಬಿಳಿ ಬೂಟು, ಲಾಡಿ ಕಟ್ಟುವ ಕೆಲಸ ನನ್ನದು. ಸೋಮವಾರ ಮುಂಜಾನೆ ಜಯಾಗೆ ಹೊಟ್ಟೆ ತುಂಬ ಉಣಿಸಿಯೇ ಕರೆದುಕೊಂಡು ಬಾ. ಮತ್ತು ಶೈಲಾ, ಫೋನಿಗೆ ಚಾರ್ಜ್ ಮಾಡಿಕೊಂಡು ಬಾ. ಈ ಸಲ ತಕ್ಕಡಿ ಮೇಲೇಳುವುದನ್ನು ಪೂರ್ತಿ ವಿಡಿಯೋ ಮಾಡಿ, ಬಳಗಕ್ಕೆಲ್ಲ ಕಳಿಸು.